ಮೊದಲ ಸುತ್ತಿನಲ್ಲಿ ಸೋತವರು

ಪೆಂಡುರ್ತಿ ಜಂಕ್ಷನ್ನಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿಯ ಮಹಡಿ ಮೇಲೆ ಹನ್ನೆರಡು ಕಂಪ್ಯೂಟರಿನ ಕೋಣೆಯೊಂದಿದೆ. ಅಕ್ಕನ ಮನೆಗೆಂದು ವಿಶಾಖಪಟ್ಟಣಕ್ಕೆ ಹೋಗಿದ್ದಾಗ ಒಂದು ಭಾನುವಾರ ಭಾವ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ‘ಟೂರ್ನಮೆಂಟ್ ಇದೆ, ಬಾ’ ಅಂದರು. ಕೇರಂ ಇರಬೇಕು ಅಂದುಕೊಂಡು ಹೋದೆ. ಮೆಟ್ಟಿಲು ಹತ್ತುವಾಗಲೇ ಗುಂಡಿನ ಸದ್ದು ಕೇಳಿಸಿತು. ಕೌಂಟರ್ ಸ್ಟ್ರೈಕ್ 1.6! ಆ ಆವೃತ್ತಿ ಬಂದದ್ದು 2003ರ ಸೆಪ್ಟೆಂಬರಿನಲ್ಲಿ. ಅಲ್ಲಿ ಕೂತಿದ್ದ ಹುಡುಗರಲ್ಲಿ ಬಹುಪಾಲು ಮಂದಿ ಆಗಿನ್ನೂ ಹುಟ್ಟಿರಲಿಲ್ಲ.

ಎಂಟು ತಂಡ, ತಂಡಕ್ಕೆ ಐದು ಜನ. ಹತ್ತು ಗಂಟೆಗೆ ಶುರುವಾಗಬೇಕಿದ್ದ ಮೊದಲ ಪಂದ್ಯ ಹನ್ನೆರಡೂಕಾಲಾದರೂ ಶುರುವಾಗಲಿಲ್ಲ. ಇಬ್ಬರು ತಮ್ಮ ಲ್ಯಾಪ್‌ಟಾಪೇ ಬೇಕೆಂದು ಹಟ ಹಿಡಿದಿದ್ದರು. ಅವರದ್ದು ಪ್ರೋಟೊಕಾಲ್ 47 ಎಂಬ ಹಳೆಯ ಬಗೆಯ, ದುಡ್ಡು ಕೊಟ್ಟು ಕೊಳ್ಳದ ನಾನ್‌ಸ್ಟೀಮ್ ಪ್ರತಿ, ಸರ್ವರಿನಲ್ಲಿದ್ದದ್ದು 48. ಎಷ್ಟು ಸಲ ಒತ್ತಿದರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಅಂಗಡಿಯ ಹುಡುಗ ಒಂದು ಪೆನ್‌ಡ್ರೈವ್ ಹಿಡಿದುಕೊಂಡು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಾಕುವವರ ಹಾಗೆ ಒಂದೊಂದೇ ಯಂತ್ರದ ಮುಂದೆ ಬಗ್ಗಿ ಎದ್ದ. ಅಷ್ಟರಲ್ಲಿ ಕರೆಂಟು ಹೋಗಿ ಯುಪಿಎಸ್‌ಗಳೆಲ್ಲ ಒಟ್ಟಿಗೆ ಕೀರಲು ದನಿ ತೆಗೆದವು. ಕೊನೆಗೂ ‘ಲೈವ್ ಆನ್ ತ್ರೀ’ ಎಂದು ಯಾರೋ ಕೂಗಿ, ಆಟ ಮೂರು ಸಲ ರೀಸ್ಟಾರ್ಟ್ ಆಗಿ, ಡಸ್ಟ್ ಟು ನಕ್ಷೆಯ ಆ ಹಳದಿ ಗೋಡೆಗಳು ಕಾಣಿಸಿಕೊಂಡಾಗ ಕೋಣೆ ಒಂದೇಸಲ ಮೌನವಾಯಿತು. ಆಮೇಲೆ ಕೇಳಿಸಿದ್ದೆಲ್ಲ ‘ಬಿ ದಗ್ಗರ ರಾ, ಬಿ ದಗ್ಗರ!’ — ನಕ್ಷೆಯ ಬಿ ಜಾಗದ ಹತ್ತಿರ — ಎಂಬ ತೆಲುಗು.

ಅನಕಾಪಲ್ಲಿಯಿಂದ ಬಸ್ಸು ಹಿಡಿದು ಬಂದಿದ್ದ ತಂಡವೊಂದು 16–3ರಲ್ಲಿ ಸೋತಿತು. ಅರ್ಧ ಗಂಟೆಯಲ್ಲಿ ಅವರ ಭಾನುವಾರ ಮುಗಿಯಿತು. ಮೌಸುಗಳನ್ನು ಬ್ಯಾಗಿಗೆ ತುರುಕಿಕೊಂಡು ಕೆಳಗಿಳಿದು, ಒಂದೊಂದು ಗೋಲಿ ಸೋಡಾ ಕುಡಿದು ಬಸ್ಸು ಹತ್ತಿದರು. ಭಾವ ಕಿಟಕಿಯಿಂದ ನೋಡುತ್ತಾ, ‘ಇವರು ಇನ್ನು ಬರಲ್ಲ’ ಅಂದರು. ಗೆದ್ದ ತಂಡದ ವಿಷಯ ನನಗೆ ಈಗ ಒಂದೂ ನೆನಪಿಲ್ಲ. ಆದರೆ ಆ ಐದು ಜನ ಇಳಿದುಹೋದದ್ದು ತಲೆಯಲ್ಲಿ ಕೂತುಬಿಟ್ಟಿದೆ. ಹಳೆಯ ಆಟಕ್ಕೆ ಪಂದ್ಯಾವಳಿ ಕಟ್ಟುವುದು ಹೇಗೆ ಎಂಬ ಪ್ರಶ್ನೆಯೆಲ್ಲ ಸುತ್ತಿ ಬಳಸಿ ಬಂದು ನಿಲ್ಲುವುದು ಅವರ ಹತ್ತಿರವೇ.

ಅದಕ್ಕೆ ಮೊದಲು ಈ ಆಟದ ಮೂಲ ನೋಡೋಣ, ಅದೊಂದು ಮಾಡ್. ಮಾಡ್ ಎಂದರೇನೆಂದು ನಮ್ಮವರಿಗೆ ಬಿಡಿಸಿ ಹೇಳುವುದು ಕಷ್ಟವಲ್ಲ. ಕರಾವಳಿಯ ಅಂಡರ್‌ಆರ್ಮ್ ಕ್ರಿಕೆಟ್ ನೋಡಿದವರಿಗೆ ಅದು ಗೊತ್ತೇ ಇದೆ. ಒಂದು ಪುಟಿತದ ಕ್ಯಾಚೂ ಔಟು, ಪಕ್ಕದ ಮನೆಯ ಕಾಂಪೌಂಡಿಗೆ ಹೋದರೂ ಔಟು ಎಂದು ಬೀದಿ ಬೀದಿಯೂ ಕ್ರಿಕೆಟ್ಟನ್ನು ತನಗೆ ಬೇಕಾದಂತೆ ತಿದ್ದಿಕೊಂಡಿದೆಯಲ್ಲ, ಕಂಪ್ಯೂಟರಿನ ಆಟವನ್ನು ಹಾಗೆ ತಿದ್ದಿಕೊಂಡರೆ ಅದು ಮಾಡ್. ಕೌಂಟರ್ ಸ್ಟ್ರೈಕ್ ಹುಟ್ಟಿದ್ದೇ ಹೀಗೆ. 1998ರಲ್ಲಿ ವಾಲ್ವ್ ಕಂಪನಿ ಹಾಫ್ ಲೈಫ್ ಎಂಬ ಆಟ ತಂದಿತು. ಮಿನ್ ಲೀ, ಜೆಸ್ ಕ್ಲಿಫ್ ಎಂಬ ಇಬ್ಬರು ಅದರ ಒಡಲು ಬಿಚ್ಚಿ, ಕಳ್ಳ–ಪೊಲೀಸ್ ಆಟದಂಥದ್ದೊಂದನ್ನು ಕಟ್ಟಿ 1999ರ ಜೂನ್‌ನಲ್ಲಿ ಪುಕ್ಕಟೆ ಹಂಚಿದರು. ವಾಲ್ವ್ ಅವರ ಮೇಲೆ ಕೇಸು ಹಾಕಲಿಲ್ಲ, ಕೆಲಸಕ್ಕೇ ಕರೆದುಕೊಂಡಿತು. 2000ದ ನವೆಂಬರಿನಲ್ಲಿ ಅದೇ ಆಟ ಡಬ್ಬಿಯಲ್ಲಿ ಮಾರಾಟಕ್ಕೆ ಬಂತು. ವಾರ್‌ಕ್ರಾಫ್ಟ್ 3ರ ಮೇಲೆ ಎದ್ದ ಡೋಟಾದ್ದೂ ಇದೇ ಕುಲ. ಇವತ್ತು ಊರೂರ ಹುಡುಗರು ಫೋನಿನಲ್ಲಿ ಆಡುವ ಬಿಜಿಎಂಐನ ವಂಶವೃಕ್ಷ ಹುಡುಕಿದರೂ ಬುಡದಲ್ಲಿ ಸಿಗುವುದು ಆರ್ಮಾ 2 ಎಂಬ ಸೈನಿಕರ ಆಟಕ್ಕೆ ಯಾರೋ ಹವ್ಯಾಸಿಗಳು ಹಾಕಿದ ತೇಪೆಯೇ.

ನಮ್ಮಲ್ಲಿ ಕೌಂಟರ್ ಸ್ಟ್ರೈಕಿನ ಸುಗ್ಗಿ ಇದ್ದದ್ದು ಸೈಬರ್ ಕೆಫೆಗಳ ಕಾಲದಲ್ಲಿ. ಭಾವ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದವರು. ಹಾಸ್ಟೆಲಿನಲ್ಲಿ ವೈರು ಎಳೆದು, ಕೊಠಡಿಯಿಂದ ಕೊಠಡಿಗೆ ಗೋಡೆ ಕೊರೆದು ಆಡಿದವರು. ಇಂಟರ್ನಲ್ಸ್‌ನಲ್ಲಿ ಬಂದ ಅಂಕ ಕೇಳಿದರೆ ಮಾತು ಹಾರಿಸುತ್ತಾರೆ. ಆಟದೊಳಗಿನ ಏಕೆ–47 ಬಂದೂಕಿನ ಬೆಲೆ ಮಾತ್ರ ಇಂದಿಗೂ ಬಾಯಿಪಾಠ: 2500. ಎಡಬ್ಲ್ಯೂಪಿ 4750. ಕೊರಿಯಾದಲ್ಲಿ ಶುರುವಾದ ವರ್ಲ್ಡ್ ಸೈಬರ್ ಗೇಮ್ಸ್‌ನ ಭಾರತದ ಅರ್ಹತಾ ಸುತ್ತುಗಳು ಆಗ ದೊಡ್ಡ ಕನಸು. ಗೆದ್ದವರಿಗೆ ವಿಮಾನದ ಟಿಕೆಟ್ಟು. ಕಾಲೇಜು ಫೆಸ್ಟ್‌ಗಳಲ್ಲಿ ರಂಗೋಲಿ ಸ್ಪರ್ಧೆಯ ಪಕ್ಕದ ಕೊಠಡಿಯಲ್ಲೇ ಲ್ಯಾನ್ ಗೇಮಿಂಗ್.

ಆ ಸುಗ್ಗಿ ಏಕೆ ಮುಗಿಯಿತು ಎಂದರೆ ಎಲ್ಲರೂ ಜಿಯೋ ಕಡೆ ಕೈ ತೋರಿಸುತ್ತಾರೆ. 2016ರ ಸೆಪ್ಟೆಂಬರಿನಲ್ಲಿ ಡೇಟಾ ಪುಕ್ಕಟೆಯಾಯಿತು, ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಕೆಫೆಗೆ ಹೋಗುವವರು ನಿಂತರು ಎಂಬುದು ನಿಜ. ಆದರೆ ಅಷ್ಟರಲ್ಲಿ ರೋಗಿ ಆಗಲೇ ಐಸಿಯುನಲ್ಲಿದ್ದ. 2011ರ ಸೈಬರ್ ಕೆಫೆ ನಿಯಮಗಳು ಬಂದವು: ಗುರುತಿನ ಚೀಟಿ ನೋಡಬೇಕು, ದಾಖಲೆ ಒಂದು ವರ್ಷ ಇಡಬೇಕು, ವಿಭಜಕ ಗೋಡೆ ನಾಲ್ಕೂವರೆ ಅಡಿ ದಾಟಬಾರದು, ಗುರುತಿನ ಚೀಟಿಯಿಲ್ಲದ ಅಪ್ರಾಪ್ತರ ಜೊತೆಗೆ ದೊಡ್ಡವರಿರಬೇಕು. ಭಯೋತ್ಪಾದನೆಯ ಭಯಕ್ಕೆ ಮಾಡಿದ ನಿಯಮಗಳಿವು, ತಪ್ಪೆನ್ನಲಾಗದು. ಆದರೆ ಹತ್ತನೇ ಕ್ಲಾಸಿನ ಹುಡುಗ ಅಪ್ಪನನ್ನು ಕರೆದುಕೊಂಡು ಬಂದು ಕೌಂಟರ್ ಸ್ಟ್ರೈಕ್ ಆಡುವುದುಂಟೇ? 2012ರಲ್ಲಿ ಕೌಂಟರ್ ಸ್ಟ್ರೈಕ್ ಗ್ಲೋಬಲ್ ಅಫೆನ್ಸಿವ್ ಬಂದು ಆಡುವವರೇ ಎರಡು ಪಾಲಾದರು. ಹೊಸದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು, ಒಳ್ಳೆಯ ಇಂಟರ್‌ನೆಟ್ ಬೇಕಿತ್ತು. ವರ್ಲ್ಡ್ ಸೈಬರ್ ಗೇಮ್ಸ್ 2013ಕ್ಕೆ ಬಾಗಿಲು ಹಾಕಿ, ಮತ್ತೆ ತೆರೆದದ್ದು 2019ಕ್ಕೆ.

ಇದೆಲ್ಲಕ್ಕಿಂತ ದೊಡ್ಡ ಕಾರಣ ಬಹುಮಾನ ಎಂದು ನನ್ನ ಅನಿಸಿಕೆ. ಇದ್ದಬದ್ದ ದುಡ್ಡೆಲ್ಲ ಮೊದಲ ಸ್ಥಾನಕ್ಕೆ. ಮಹಾನಗರದ ಅದೇ ಎರಡು ತಂಡಗಳು ಊರೂರು ಸುತ್ತಿ ಗೆದ್ದುಕೊಂಡು ಹೋಗುವುದು, ಸ್ಥಳೀಯರು ಪ್ರವೇಶ ಶುಲ್ಕ ಕಟ್ಟಿ ಮೊದಲ ಸುತ್ತಿನಲ್ಲಿ ಏಟು ತಿಂದು ಮನೆಗೆ ಹೋಗುವುದು. ಮೂರು ಸಲ ಹೀಗಾದರೆ ನಾಲ್ಕನೇ ಸಲ ಯಾರು ಬರುತ್ತಾರೆ? ಬಹುಮಾನದ ಮೊತ್ತ ಕೇಳಿ ಬಂದವರು ಬಹುಮಾನ ನಿಂತ ದಿನ ಹೋಗುತ್ತಾರೆ. ನಾನೂ ಒಮ್ಮೆ ಇಂಥದ್ದೊಂದು ಪಂದ್ಯಾವಳಿಯಲ್ಲಿ ಮೂರನೇ ಸ್ಥಾನದ ತಂಡದಲ್ಲಿದ್ದೆ. ಚೆಕ್ಕು ಅಂಚೆಯಲ್ಲಿ ಬರುತ್ತದೆ ಅಂದಿದ್ದರು. ಇನ್ನೂ ದಾರಿಯಲ್ಲಿರಬೇಕು.

ಹಾಗಾದರೆ ಹಳೆಯ ಆಟಗಳು ಎಲ್ಲಿ ಬದುಕಿವೆ, ಹೇಗೆ ಬದುಕಿವೆ? 1999ರ ಏಜ್ ಆಫ್ ಎಂಪೈರ್ಸ್ 2 ನಮ್ಮ ಮನೆಗಳಲ್ಲೂ ಆಡಿದ ಆಟ. ಕಂಪನಿ ಅದನ್ನು ಮರೆತು ಕೂತಿದ್ದಾಗ ಹವ್ಯಾಸಿಗಳ ಗುಂಪೊಂದು 2012ರಲ್ಲಿ ‘ಫರ್ಗಾಟನ್ ಎಂಪೈರ್ಸ್’ ಎಂಬ ಮಾಡ್ ಮಾಡಿತು. ಭಾರತೀಯರು ಎಂಬ ನಾಗರಿಕತೆ ಆ ಆಟಕ್ಕೆ ಬಂದದ್ದೇ ಈ ಮಾಡ್‌ನಿಂದ. ಮರುವರ್ಷ ಅದನ್ನೇ ಅಧಿಕೃತ ಮಾಡಿದರು. 2019ರಲ್ಲಿ ಇಡೀ ಆಟವನ್ನು ಹೊಸದಾಗಿ ಹೊರಡಿಸಿದಾಗ ಅದೇ ಹವ್ಯಾಸಿಗಳು ಅದರ ತಯಾರಕರು. 2022ರಲ್ಲಿ ಜರ್ಮನಿಯ ಹೈಡಲ್‌ಬರ್ಗ್ ಕೋಟೆಯೊಳಗೆ ಇದರ ಪಂದ್ಯಾವಳಿ ನಡೆಯಿತು. ಕೋಟೆ ಕೆಡವುವ ಆಟ, ಕೋಟೆಯಲ್ಲೇ! 2018ರಲ್ಲಿ ಶುರುವಾದ ‘ಹಿಡನ್ ಕಪ್’ ಇನ್ನೂ ಸೊಗಸು: ಆಡುವವರು ಯಾರೆಂದು ನೋಡುವವರಿಗೂ ಎದುರಾಳಿಗೂ ಗೊತ್ತಿರುವುದಿಲ್ಲ, ಆಟದ ಧಾಟಿ ನೋಡಿ ಊಹಿಸಬೇಕು. ಯಕ್ಷಗಾನದಲ್ಲಿ ಮುಖವರ್ಣಿಕೆಯ ಹಿಂದಿರುವ ಕಲಾವಿದನನ್ನು ಹೆಜ್ಜೆಯಿಂದಲೇ ಗುರುತಿಸುವ ನಮ್ಮ ಕಡೆಯವರಿಗೆ ಇದರ ರುಚಿ ಬೇಗ ಹತ್ತುತ್ತದೆ.

ಇನ್ನೊಂದು ಕಥೆ ಇದರ ತದ್ವಿರುದ್ಧ. ನಿಂಟೆಂಡೊದ ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ 2001ರ ಆಟ. ಅದರ ಆಟಗಾರರು ಇಂದಿಗೂ ಪಂದ್ಯಾವಳಿಗೆ ಹಳೆಯ ದಪ್ಪ ಪೆಟ್ಟಿಗೆ ಟೀವಿಗಳನ್ನು ಹೊತ್ತು ತರುತ್ತಾರೆ, ಚಿತ್ರ ತಡವಾಗದಿರಲಿ ಎಂದು. 2013ರಲ್ಲಿ ಇವೋ ಎಂಬ ದೊಡ್ಡ ಜಾತ್ರೆಯಲ್ಲಿ ಒಂದು ಜಾಗಕ್ಕಾಗಿ ಯಾವ ಆಟದ ಅಭಿಮಾನಿಗಳು ಸ್ತನ ಕ್ಯಾನ್ಸರ್ ಸಂಶೋಧನೆಗೆ ಹೆಚ್ಚು ದೇಣಿಗೆ ಕೂಡಿಸುತ್ತಾರೋ ಅವರಿಗೆ ಅವಕಾಶ ಎಂದಾಗ, ಇವರು 94 ಸಾವಿರ ಡಾಲರಿಗೂ ಹೆಚ್ಚು ಕೂಡಿಸಿ ಜಾಗ ಗೆದ್ದರು. ಕಂಪನಿಗೆ ಮಾತ್ರ ಇವರ ಪ್ರೀತಿ ಬೇಡ. ಕೋವಿಡ್ ಬಂದಾಗ ಸ್ಲಿಪ್ಪಿ ಎಂಬ ಮಾಡ್ ಮೂಲಕ ದೂರದಿಂದಲೇ ಆಡಲು ದಾರಿ ಮಾಡಿಕೊಂಡರು. 2020ರ ನವೆಂಬರಿನಲ್ಲಿ ನಿಂಟೆಂಡೊ ನೋಟಿಸು ಕೊಟ್ಟು ‘ದಿ ಬಿಗ್ ಹೌಸ್’ ಪಂದ್ಯಾವಳಿಯನ್ನು ನಿಲ್ಲಿಸಿತು. ಆದರೂ ಆಟ ನಿಂತಿಲ್ಲ. ಕಟ್ಟಿದ ಕಂಪನಿ ಮುನಿಸಿಕೊಂಡರೂ ಆಟ ಬದುಕಬಹುದು, ಆಡುವವರು ಮುನಿಸಿಕೊಂಡರೆ ಒಂದು ವಾರವೂ ಬದುಕದು.

ಪೆಂಡುರ್ತಿಗೆ ಮರಳೋಣ. ಅಲ್ಲಿನ ಮೊದಲ ರಗಳೆ ಆವೃತ್ತಿಯದ್ದು. ಎಲ್ಲರ ಹತ್ತಿರವೂ ಕೌಂಟರ್ ಸ್ಟ್ರೈಕ್ ಇದೆ, ಯಾರದ್ದೂ ಇನ್ನೊಬ್ಬರದ್ದರಂತಿಲ್ಲ. ಇದಕ್ಕೊಂದು ಹಿನ್ನೆಲೆಯಿದೆ. ವಾಲ್ವ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿ ರೂಪಾಯಿಯಲ್ಲಿ ಬೆಲೆ ಹಾಕಿದ್ದು 2015ರಲ್ಲಿ. ಅಲ್ಲಿಯವರೆಗೆ ಡಾಲರು, ಅಂತರರಾಷ್ಟ್ರೀಯ ಕಾರ್ಡು. ಯಾವ ವಿದ್ಯಾರ್ಥಿಯ ಹತ್ತಿರ ಅದಿತ್ತು? ಆದ್ದರಿಂದ ನಾನ್‌ಸ್ಟೀಮ್ ಪ್ರತಿ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹರಿಯಿತು. ಈಗ ಆ ನೆಪವಿಲ್ಲ. ಸೇಲ್ ಬಂದಾಗ 1.6ರ ಬೆಲೆ ಒಂದು ಬಿರಿಯಾನಿಗಿಂತ ಕಡಿಮೆ. ಕೆಫೆಯವನು ಅಸಲಿ ಪ್ರತಿ ಕೊಂಡು, ಸರ್ವರಿಗೆ ಒಂದೇ ಸೆಟ್ಟಿಂಗ್ ಬರೆದು — ಆರಂಭದ ಹಣ 800, ಗೆಳೆಯನಿಗೆ ಗುಂಡು ತಗುಲಿದರೂ ಗಾಯ, ಸುತ್ತಿಗೆ ಒಂದೂ ಮುಕ್ಕಾಲು ನಿಮಿಷ, ಬಾಂಬಿಗೆ 35 ಸೆಕೆಂಡು — ಗೋಡೆಗೆ ಅಂಟಿಸಬೇಕು. ಹಳೆಯ ಆಟವೂ ಅಲುಗುತ್ತದೆ ಎಂಬುದು ನೆನಪಿರಲಿ: 2023ರ ನವೆಂಬರಿನಲ್ಲಿ ಹಾಫ್ ಲೈಫ್‌ಗೆ 25 ತುಂಬಿದ ಸಂಭ್ರಮಕ್ಕೆ ವಾಲ್ವ್ ಹೊಸ ಅಪ್‌ಡೇಟ್ ಕೊಟ್ಟಾಗ ಹಲವು ಮಾಡ್‌ಗಳು ಕೈಕೊಟ್ಟವು. ಪಂದ್ಯದ ಹಿಂದಿನ ವಾರ ಯಾವುದನ್ನೂ ಅಪ್‌ಡೇಟ್ ಮಾಡಬಾರದು. ಮದುವೆಯ ಹಿಂದಿನ ದಿನ ಅಡುಗೆಯವರನ್ನು ಬದಲಿಸುತ್ತಾರೆಯೇ?

ಈ ರಗಳೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಕ್ರಿಕೆಟ್ 07 ನೋಡಿ. ಇಎ ಸ್ಪೋರ್ಟ್ಸ್ 2006ರ ಕೊನೆಗೆ ತಂದ ಆ ಆಟಕ್ಕೆ ಉತ್ತರಾಧಿಕಾರಿಯನ್ನೇ ತರಲಿಲ್ಲ. ಐಪಿಎಲ್ ಹುಟ್ಟುವ ಮೊದಲಿನ ಆಟ ಅದು. ಆದರೂ ಪ್ರತಿ ವರ್ಷದ ಐಪಿಎಲ್ ಅದರಲ್ಲಿದೆ; ಅಭಿಮಾನಿಗಳ ಪ್ಯಾಚ್‌ಗಳಲ್ಲಿ ಹೊಸ ಜೆರ್ಸಿ, ಹೊಸ ಆಟಗಾರರು, ಹೊಸ ಮೈದಾನ. ಆರ್‌ಸಿಬಿಯ ಗಂಡಸರ ತಂಡ 2025ಕ್ಕೆ ಮುಂಚೆ ಕಪ್ ಎತ್ತಿದ್ದು ಈ ಪ್ಯಾಚ್‌ಗಳಲ್ಲಿ ಮಾತ್ರ, ಅಲ್ಲಿ ಎಷ್ಟು ಸಲ ಎತ್ತಿತೋ ಲೆಕ್ಕವಿಲ್ಲ. ಪ್ರೀತಿಗೆ ಕೊರತೆಯಿಲ್ಲ. ಆದರೆ ನನ್ನ ಪ್ಯಾಚಿನ ಕೊಹ್ಲಿಯ ಬಲ ಬೇರೆ, ನಿಮ್ಮದರ ಕೊಹ್ಲಿಯ ಬಲ ಬೇರೆ; ಅದನ್ನು ಮಾಡಿದವನು ಚೆನ್ನೈ ಅಭಿಮಾನಿಯಾಗಿದ್ದರಂತೂ ಮುಗಿಯಿತು. ಅಳತೆಗೋಲೇ ಒಂದಾಗದ ಕಡೆ ಪಂದ್ಯ ನಡೆಸಿದರೆ ಜಗಳ ನಡೆಯುತ್ತದೆ.

ಇನ್ನು ಸೋತವರ ವಿಷಯ. ಒಂದಿಷ್ಟು ಲೆಕ್ಕ ಹಾಕೋಣ. ಹನ್ನೆರಡು ಯಂತ್ರಗಳಲ್ಲಿ ಒಂದು ಹೊತ್ತಿಗೆ ಒಂದೇ ಪಂದ್ಯ. ಎಂಟು ತಂಡಗಳ ನಾಕೌಟ್ ಎಂದರೆ ಏಳು ಪಂದ್ಯ. ಮೂವತ್ತು ಸುತ್ತಿನ ಪಂದ್ಯಕ್ಕೆ ಸುಮಾರು ಐವತ್ತು ನಿಮಿಷ ಹಿಡಿದರೆ ಆರು ಗಂಟೆ, ಒಂದು ಭಾನುವಾರ. ನಲವತ್ತು ಹುಡುಗರಲ್ಲಿ ಇಪ್ಪತ್ತು ಮಂದಿ ಒಂದೇ ಪಂದ್ಯ ಆಡಿ ಮನೆಗೆ. ಈಗ ಪಂದ್ಯವನ್ನು ಹದಿನಾರು ಸುತ್ತಿಗೆ ಇಳಿಸಿ. ಇಪ್ಪತ್ತಾರು ನಿಮಿಷ ಸಾಕು. ಸೋತವರಿಗೆ ಇನ್ನೊಂದು ಅವಕಾಶವಿರುವ ಎರಡು ಸೋಲಿನ ಪದ್ಧತಿಯಲ್ಲಿ ಹದಿನಾಲ್ಕು, ಹೆಚ್ಚೆಂದರೆ ಹದಿನೈದು ಪಂದ್ಯ. ಅದಕ್ಕೂ ಹಿಡಿಯುವುದು ಹೆಚ್ಚುಕಡಿಮೆ ಅದೇ ಆರು ಗಂಟೆ! ಅದೇ ಭಾನುವಾರದಲ್ಲಿ, ಅದೇ ಯಂತ್ರಗಳಲ್ಲಿ, ಎಲ್ಲರಿಗೂ ಕನಿಷ್ಠ ಎರಡು ಪಂದ್ಯ. ‘ಹದಿನಾರು ಸುತ್ತಾದರೆ ಅದು ಅಸಲಿ 1.6 ಅಲ್ಲ’ ಎಂದು ಹಳಬರು ಮೂಗು ಮುರಿಯುತ್ತಾರೆ. ಮುರಿಯಲಿ. ಐವತ್ತು ಓವರಿನವರೂ ಹೀಗೇ ಮುರಿದಿದ್ದರು.

ಎರಡನೆಯದು, ಹೊಸಬರಿಗೆ ಹತ್ತಲು ಮೆಟ್ಟಿಲು. ಇದನ್ನು ಕಲಿಯಲು ನಾವು ಜರ್ಮನಿಗೂ ಕೊರಿಯಾಕ್ಕೂ ಹೋಗಬೇಕಿಲ್ಲ, ಮೂಡುಬಿದಿರೆಗೆ ಹೋದರೆ ಸಾಕು. ಕಂಬಳದಲ್ಲಿ ಎಲ್ಲ ಕೋಣಗಳನ್ನೂ ಒಂದೇ ವಿಭಾಗದಲ್ಲಿ ಓಡಿಸುವುದಿಲ್ಲ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆ ಹಲಗೆ ಎಂದು ವಿಂಗಡಿಸಿದ್ದಾರೆ. ಈಗ ತಾನೇ ಓಟ ಕಲಿಯುತ್ತಿರುವ ಜೋಡಿ ನೇಗಿಲು ಕಿರಿಯದಲ್ಲಿ ಓಡುತ್ತದೆ, ಅಲ್ಲೂ ಪದಕವಿದೆ, ಅಲ್ಲಿ ಗೆದ್ದ ಮನೆತನಕ್ಕೂ ಮರ್ಯಾದೆಯಿದೆ. ಕನೆ ಹಲಗೆಯಲ್ಲಂತೂ ಎದುರಾಳಿಗಿಂತ ಮುಂದೆ ಬರುವ ಮಾತೇ ಇಲ್ಲ. ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದೇ ಲೆಕ್ಕ. ಪೆಂಡುರ್ತಿಯ ಕೋಣೆಯಲ್ಲೂ ಒಂದು ‘ಕಿರಿಯ’ ವಿಭಾಗ ಬೇಕು. ಒಮ್ಮೆ ಗೆದ್ದವರು ಅಲ್ಲಿ ಮತ್ತೆ ಆಡುವಂತಿಲ್ಲ. ಅಷ್ಟೇ ನಿಯಮ.

ದುಡ್ಡಿನ ಮಾತು ಬಂದಾಗ ಕಾನೂನೂ ಬರುತ್ತದೆ. ಆಂಧ್ರಪ್ರದೇಶ 2020ರಲ್ಲೇ ರಮ್ಮಿ, ಪೋಕರ್‌ನಂಥ ಆನ್‌ಲೈನ್ ಆಟಗಳ ಮೇಲೆ ನಿಷೇಧ ಹೇರಿತು. ಕರ್ನಾಟಕ 2021ರಲ್ಲಿ ತಂದ ಇಂಥದೇ ತಿದ್ದುಪಡಿಯ ಮುಖ್ಯ ಭಾಗವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ–ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯಕ್ಕೆ ಸೇರಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯಿದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ಕೌಶಲ, ಅದೃಷ್ಟ ಎಂದು ನೋಡದೆ ನಿಷೇಧಿಸಿ, ಇ–ಸ್ಪೋರ್ಟ್ಸನ್ನು ಬೇರೆ ಇಟ್ಟಿತು. ಹಾಗಿರುವಾಗ ತಂಡಕ್ಕೆ ಐನೂರರಂತೆ ಎತ್ತಿ, ಎತ್ತಿದ್ದನ್ನೇ ಗೆದ್ದವರಿಗೆ ಕೊಡುವ ಹಳೆಯ ಕೆಫೆ ಪದ್ಧತಿಯನ್ನು ಕೈಬಿಡುವುದೇ ವಿವೇಕ. ಶುಲ್ಕ ಕರೆಂಟಿಗೂ ಬಾಡಿಗೆಗೂ ಹೋಗಲಿ. ಬಹುಮಾನ ಬೇರೆಯವರ ಜೇಬಿನಿಂದ ಬರಲಿ, ಒಂದು ಮೌಸು, ಒಂದು ಟ್ರೋಫಿ ಸಾಕು. ಕೋಳಿ ಅಂಕದಲ್ಲಿ ಕೋಳಿಗಳ ಸುತ್ತ ಸೇರುವ ಜನ ಕಂಪ್ಯೂಟರಿನ ಸುತ್ತ ಸೇರುವುದು ಬೇಡ.

ಪೆಂಡುರ್ತಿ ಒಂದರಿಂದಲೇ ಆಗುವ ಕೆಲಸವೂ ಇದಲ್ಲ. ಅದೇ ಎಂಟು ತಂಡಗಳು ಅದೇ ಎಂಟು ತಂಡಗಳ ಜೊತೆ ಆರು ತಿಂಗಳು ಆಡಿದರೆ ಬೇಸರ ಹತ್ತುತ್ತದೆ. ವಿಜಯವಾಡ ಸುಮಾರು 350 ಕಿಲೋಮೀಟರ್, ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ಆರು ಗಂಟೆ. ಸುತ್ತ ಎಂಜಿನಿಯರಿಂಗ್ ಕಾಲೇಜುಗಳಿಗೆ ಅಲ್ಲೂ ಬರವಿಲ್ಲ, ಇಲ್ಲೂ ಬರವಿಲ್ಲ. ವರ್ಷಕ್ಕೆ ಎರಡು ಸಲ, ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ. ಸೆಕೆಂಡ್ ಸಿಟ್ಟಿಂಗ್‌ನಲ್ಲಿ ಐದು ಜನ ಹೋಗಿ ಬರುವ ಖರ್ಚು ಒಂದು ಒಳ್ಳೆಯ ಕೀಬೋರ್ಡಿನಷ್ಟೂ ಆಗದು. ಬಹುಮಾನಕ್ಕೆ ಹತ್ತು ಸಾವಿರ ಕೊಡುವ ದಾನಿ ಸಿಕ್ಕರೆ ಅದರಲ್ಲಿ ಎಂಟು ಸಾವಿರ ಈ ರೈಲು ಟಿಕೆಟ್ಟಿಗೆ ಹೋಗಬೇಕು ಎಂದು ನಾನು ವಾದಿಸುತ್ತೇನೆ.

ಆ ಕೋಣೆಯಲ್ಲಿ ಒಬ್ಬಳೇ ಒಬ್ಬ ಹುಡುಗಿಯೂ ಇರಲಿಲ್ಲ. ಅಂಗಡಿಯ ಹುಡುಗನನ್ನು ಕೇಳಿದರೆ ‘ಅವರು ಬರಲ್ಲ ಸಾರ್’ ಅಂದ. ಆ ಕತ್ತಲೆ ಮೆಟ್ಟಿಲು, ಮುರಿದ ಚಿಲಕದ ಒಂದೇ ಶೌಚಾಲಯ, ಹೆಡ್‌ಫೋನಿನಲ್ಲಿ ಹರಿಯುವ ಬೈಗುಳ — ಬರದೇ ಇರುವುದಕ್ಕೆ ಅವರ ಬಳಿ ಕಾರಣಗಳಿದ್ದವು. ಬರುವಂತೆ ಮಾಡಲು ಅವನ ಬಳಿ ಏನೂ ಇರಲಿಲ್ಲ.

ಅಲ್ಲಿ ದಾಖಲೆಯೂ ಇರಲಿಲ್ಲ. ಪೆಂಡುರ್ತಿಯಿಂದ ಸ್ವಲ್ಪ ದೂರದ ಸಿಂಹಾಚಲಕ್ಕೆ ಹದಿನಾರನೇ ಶತಮಾನದಲ್ಲಿ ಕೃಷ್ಣದೇವರಾಯ ಬಂದು ಶಾಸನ ಹಾಕಿಸಿ ಹೋದ, ಇವತ್ತಿಗೂ ಓದಬಹುದು. ನಮ್ಮ ಭಾನುವಾರದ ಪಂದ್ಯಾವಳಿಯ ಪಟ್ಟಿಯನ್ನು ಬರೆದದ್ದು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿ. ಸಂಜೆ ಅದರ ಮೇಲೆ ಪುನುಗುಲು ಇಟ್ಟುಕೊಂಡು ತಿಂದರು. ಯಾರು ಯಾರನ್ನು ಎಷ್ಟರಲ್ಲಿ ಸೋಲಿಸಿದರು ಎಂದು ಒಂದು ರಫ್ ನೋಟ್‌ಬುಕ್ಕಿನಲ್ಲಾದರೂ ಬರೆದಿಟ್ಟರೆ, ‘ಹೋದ ಸಲ 16–3, ಈ ಸಲ 16–9’ ಎಂದು ಹೇಳಿಕೊಳ್ಳಲು ಸೋತವನಿಗೂ ಒಂದು ಮಾತಿರುತ್ತದೆ.

ಬೆಂಗಳೂರಿಗೆ ವಾಪಸಾಗಿ ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಭಾವನಿಗೆ ಕಳಿಸಿದ್ದೆ. ಅವರು ಅದನ್ನು ಅಂಗಡಿಯ ಹುಡುಗನಿಗೆ ತೆಲುಗಿನಲ್ಲಿ ಒಪ್ಪಿಸಿದರಂತೆ. ಮುಂದಿನ ತಿಂಗಳು ಹದಿನಾರು ಸುತ್ತಿನ ಪಂದ್ಯ, ಎರಡು ಸೋಲಿನ ಪದ್ಧತಿ. ಅನಕಾಪಲ್ಲಿಯ ತಂಡಕ್ಕೆ ಫೋನ್ ಮಾಡಿದರೆ ನಾಲ್ಕೇ ಜನ ಬಂದರು, ಐದನೆಯವನಿಗೆ ಸಪ್ಲಿಮೆಂಟರಿ ಪರೀಕ್ಷೆ. ಆ ರಾತ್ರಿ ಭಾವನ ಫೋನು ಬಂತು. ಉಕ್ಕಿನ ಕಾರ್ಖಾನೆಯ ನಲವತ್ಮೂರರ ಎಂಜಿನಿಯರು, ಕನ್ನಡಕ ಬೇರೆ.

‘ಐದನೆಯವನಾಗಿ ನಾನೇ ಕೂತೆ ಕಣೋ. ಎರಡೂ ಮ್ಯಾಚು ಸೋತ್ವಿ. ಎರಡನೇದು ಮಾತ್ರ 9–7.’ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದರು, ‘ಮುಂದಿನ ತಿಂಗಳ ಭಾನುವಾರ ನಂಗೆ ಬಿ ಶಿಫ್ಟ್ ಬಂದಿದೆ. ಯಾರ ಜೊತೆನಾದ್ರೂ ಬದಲಾಯಿಸ್ಕೋಬೇಕು.’